ಗೊದ್ದದ ಕಾಯಂ ವಿಳಾಸ

ನಮ್ಮ ಮನೆಯ ಮುಂಬಾಗಿಲಿನ ಚೌಕಟ್ಟು ಎಡಗಡೆಯಲ್ಲಿ ನೆಲಕ್ಕೆ ಊರುವ ಮೂಲೆಯಲ್ಲಿ ಒಂದು ಸೀಳಿತ್ತು, ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲ. ಬೆಳಿಗ್ಗೆ ನನ್ನ ಹೆಂಡತಿ ಶಾಂತಾ ಹೊಸ್ತಿಲು ತೊಳೆದು ಅರಿಸಿನ ಕುಂಕುಮ ಹಚ್ಚುವ ಹೊತ್ತಿಗೆ ಸರಿಯಾಗಿ ನಾನು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತು ಚಹಾ ಕುಡಿಯುತ್ತೇನೆ. ಹಾಗೆ ನಿಲ್ಲುವುದು ಮನೆಗೆ ಒಳ್ಳೆಯದಲ್ಲವೆಂದು ಅವಳು ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ, ಚಹಾಕ್ಕೆ ಒಳ್ಳೆಯದೆಂದು ನಾನು ಅಷ್ಟೇ ಕಾಲದಿಂದ ವಾದಿಸುತ್ತಿದ್ದೇನೆ. ದೀಪಾವಳಿ ಕಳೆದ ಹೊಸತರಲ್ಲಿ ಒಂದು ಮುಂಜಾನೆ ಅದೇ ಭಂಗಿಯಲ್ಲಿ ನಿಂತು ನೋಡುತ್ತೇನೆ, ಅಂಗಳದಾಚೆಯ ಜಾಲಿ ಗಿಡದ ಬುಡದಿಂದ ಹೊರಟ ದಪ್ಪ ಕರಿ ಇರುವೆಗಳ ಸಾಲೊಂದು ನನ್ನ ಚಪ್ಪಲಿಯನ್ನು ಬಳಸಿ ಬಂದು ಆ ಸೀಳಿನೊಳಗೆ ಹೋಗುತ್ತಿದೆ. ಇನ್ನೊಂದು ಸಾಲು ಬಾಯಲ್ಲಿ ಬಿಳಿ ಬಿಳಿ ಚೂರುಗಳನ್ನು ಕಚ್ಚಿಕೊಂಡು ಹೊರಬರುತ್ತಿದೆ. ನನ್ನ ಮನೆಯ ಕಟ್ಟಿಗೆಯನ್ನು ನನ್ನ ಕಣ್ಣೆದುರಿಗೇ ಸಾಗಿಸುತ್ತಿವೆಯಲ್ಲ ಎಂದು ಬಗ್ಗಿ ಚೌಕಟ್ಟನ್ನು ಒತ್ತಿದೆ. ಬೆರಳು ಹಪ್ಪಳ ಮುರಿದಂತೆ ಬಣ್ಣದ ಪದರವನ್ನು ಮುರಿದು ಒಳಗೆ ಹೋಯಿತು.

ಓದುಗ ಮಿತ್ರರೇ, ಇಲ್ಲಿ ನನ್ನ ಉದ್ಯೋಗವನ್ನು ಹೇಳಿಬಿಡುವುದು ಒಳ್ಳೆಯದು, ಮುಂದೆ ನಾಚಿಕೆಪಡುವುದಕ್ಕೆ ಅನುಕೂಲವಾಗುತ್ತದೆ. ನಾನು ಪಕ್ಕದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮಿಶ್ರಿಕೋಟಿಯ ನಮ್ಮ ಓಣಿಯಲ್ಲಿ ನನಗೆ 'ಹುಳದ ಮಾಸ್ತರ' ಎಂಬ ಬಿರುದಿದೆ. ಆರು ಕಾಲು, ಮೂರು ಭಾಗದ ದೇಹ, ಎರಡು ಕುಡಿಮೀಸೆ ಎಂದು ಇಪ್ಪತ್ತಾರು ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಕೀಟ ಬರೆದಿದ್ದೇನೆ, ಅದನ್ನು ಅಳಿಸಿದ್ದೇನೆ, ಮರುವರ್ಷ ಮತ್ತೆ ಬರೆದಿದ್ದೇನೆ. ಆದರೆ ನಿಜವಾದ ಒಂದು ಕೀಟದ ಮುಂದೆ ಮಂಡಿಯೂರಿ ಕುಳಿತು 'ನೀನು ಯಾರಪ್ಪಾ' ಎಂದು ಕೇಳಿದವನಲ್ಲ. ಗುರುಗ್ರಹಕ್ಕೆ ಎಷ್ಟು ಉಪಗ್ರಹ ಎಂದು ನಿದ್ದೆಗಣ್ಣಿನಲ್ಲಿ ಹೇಳಬಲ್ಲೆ, ಚಪ್ಪಲಿಯ ಕೆಳಗೆ ಸಿಕ್ಕದ್ದರ ಹೆಸರು ಗೊತ್ತಿಲ್ಲ. ಪುಸ್ತಕದ ಬದನೆಕಾಯಿ ಎನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಆದರೆ ಈಗಿನ ಕಾಲದಲ್ಲಿ ಗೊತ್ತಿಲ್ಲದಿರುವುದು ಬಹಳ ಹೊತ್ತು ಉಳಿಯುವ ಸ್ಥಿತಿಯಲ್ಲ. ಫೋನು ತೆಗೆದೆ, ಇರುವೆಯ ಫೋಟೋ ಹೊಡೆದೆ, ಎಲ್ಲವನ್ನೂ ಗುರುತಿಸುತ್ತೇನೆಂದು ಹೇಳಿಕೊಳ್ಳುವ ಆ್ಯಪ್ ಒಂದಕ್ಕೆ ಒಪ್ಪಿಸಿದೆ. ಅದು ಒಂದು ಕ್ಷಣ ಗಿರಗಿರ ತಿರುಗಿ, ಕ್ಯಾಂಪೊನೋಟಸ್ ಕುಲ, ಬಡಗಿ ಇರುವೆ, ತೇವ ಹಿಡಿದ ಮರದಲ್ಲಿ ಸುರಂಗ ಕೊರೆದು ಗೂಡು ಮಾಡುತ್ತದೆ, ಮರದ ಮನೆಗಳಿಗೆ ಅಪಾಯಕಾರಿ ಎಂದು ತೀರ್ಪು ಕೊಟ್ಟಿತು. ಜೊತೆಗಿದ್ದ ಚಿತ್ರದಲ್ಲಿ ಹಿಮ ಬಿದ್ದ ಊರು, ಪೈನ್ ಮರ, ಇಡೀ ಮರದಲ್ಲೇ ಕಟ್ಟಿದ ಒಂದು ಮನೆ ಇತ್ತು. ಹಿಮಕ್ಕೂ ಮಿಶ್ರಿಕೋಟಿಗೂ ಏನು ಸಂಬಂಧ ಎಂದು ಕೇಳಿಕೊಳ್ಳುವ ವ್ಯವಧಾನ ನನಗಿರಲಿಲ್ಲ. ಶಾಂತಾಗೆ ಇತ್ತು. ಕುಂಕುಮದ ಬಟ್ಟಲು ಹಿಡಿದೇ ಇಣುಕಿ ನೋಡಿ, "ಇದ ಫೋನ್ ಅಲ್ಲೇನ್ರಿ, ಹ್ವಾದ ವಾರ ನನ್ನ ಪುಂಡಿಪಲ್ಯಾನ್ನ ಗಾಂಜಾ ಅಂತ ಹೇಳಿದ್ದು?" ಎಂದಳು. ಹೌದು, ಅದೇ ಫೋನು. ಪುಂಡಿಯ ಎಲೆಗೂ ಗಾಂಜಾದ ಎಲೆಗೂ ರೂಪಸಾಮ್ಯವಿದೆ, ತಜ್ಞರೂ ಎಡವುತ್ತಾರೆ ಎಂದು ನಾನು ಫೋನಿನ ಪರ ವಕಾಲತ್ತು ವಹಿಸಿದೆ.

ಅಪರಾಧಿ ಸಿಕ್ಕ ಮೇಲೆ ಅವನಿಗೆ ಅನ್ನ ಹಾಕುವವರನ್ನೂ ಹಿಡಿಯಬೇಕಲ್ಲ. ಅದಕ್ಕೆ ಹುಡುಕಾಟ ಬೇಕಿರಲಿಲ್ಲ. ನಮ್ಮ ಬಾಜೂ ಮನೆಯ ದ್ಯಾಮವ್ವ ಪ್ರತಿ ಶನಿವಾರ ಜಳಕ ಮುಗಿಸಿ, ಜೋಳದ ಹಿಟ್ಟಿಗೆ ಸಕ್ಕರೆ ಬೆರೆಸಿ, ಆ ಜಾಲಿಯ ಬುಡದಲ್ಲಿ ಕರಿ ಇರುವೆಗಳಿಗೆ ಹಾಕುತ್ತಾಳೆ. ಶನಿದೇವರ ಕಾಟಕ್ಕೆ ಕರಿ ಇರುವೆಗೆ ಉಣಿಸುವುದು ನಮ್ಮ ಕಡೆ ಮದ್ದು. ಶನಿಗೂ ಇರುವೆಗೂ ಬಣ್ಣವೊಂದನ್ನು ಬಿಟ್ಟು ಬೇರೆ ನೆಂಟಸ್ತಿಕೆ ನನಗೆ ಕಂಡಿಲ್ಲ. ದ್ಯಾಮವ್ವನಿಗೆ ನಾಲ್ಕು ಆಡು, ಅವಕ್ಕೆಲ್ಲ ಆ ಜಾಲಿಯೇ ಛತ್ರ. ಅದರ ನೆರಳಿನಲ್ಲಿ ಕಟ್ಟುತ್ತಾಳೆ, ಅದರ ಬುಡದಲ್ಲಿ ಹಿಂಡುತ್ತಾಳೆ. ಬೇಸಿಗೆಯಲ್ಲಿ ಊರೆಲ್ಲ ಹಸಿರು ಆರಿದಾಗ ಕೊಕ್ಕೆಗೋಲಿನಿಂದ ಜಾಲಿಕಾಯಿ ಉದುರಿಸಿದರೆ ಆಡುಗಳಿಗೆ ಅದೇ ಊಟ. ಅವುಗಳಲ್ಲಿ ಕೆಂಚಿ ಎಂಬುದೊಂದಿತ್ತು. ಒಮ್ಮೆ ನಮ್ಮ ಕಟ್ಟೆಯ ಮೇಲಿದ್ದ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿಂದು, ಕಣ್ಣು ಮುಚ್ಚಿ ಮೆಲುಕು ಹಾಕಿತ್ತು. ನನ್ನ ವಿದ್ಯಾರ್ಥಿಗಳ ಬರವಣಿಗೆಯನ್ನು ಅಷ್ಟು ಸಂತೋಷದಿಂದ ಅರಗಿಸಿಕೊಂಡವರು ಬೇರೆ ಯಾರೂ ಇಲ್ಲ.

ನಾನು ಹೋಗಿ, ನಿನ್ನ ಇರುವೆಗಳು ನನ್ನ ಚೌಕಟ್ಟು ತಿನ್ನುತ್ತಿವೆ ಎಂದೆ. ದ್ಯಾಮವ್ವ ಹಿಂಡುತ್ತಿದ್ದ ಕೈ ಬಿಡದೆ ಹೇಳಿದಳು.

"ಗೊದ್ದ ಕಟಗಿ ತಿನ್ನಂಗಿಲ್ರಿ ಸರ. ಅದರ ಮನಿ ಇಲ್ಲೇ ಐತಿ, ಮಣ್ಣಾಗ, ಗಿಡದ ಬೇರಿನ ಬಾಜೂಕ. ನಿಮ್ಮಲ್ಲಿಗೆ ಬಂದಾವಂದ್ರ ಉಣ್ಣಾಕ ಏನೋ ಸಿಕ್ಕೈತಿ ಅವಕ್ಕ. ಒರಲಿ ಹತ್ತೈತೇನ ನೋಡ್ರಿ."

"ಒರಲಿ ಹ್ಯಾಂಗ ಹತ್ತತೈತಿ? ಹೊಸಾ ಚೌಕಟ್ಟ ಅದು."

"ಹೊಸಾದು ಹಳೇದು ಒರಲಿಗೇನ್ ಗೊತ್ರಿ? ಮತ್ತ ನೋಡ್ರಿ, ಈ ಗೊದ್ದ ಗಿಡದ ಮ್ಯಾಲೆ ಹೋಗಿ ಏನ್ ಮಾಡ್ತಾವ ಅಂತ ನೋಡೀರೇನು? ಅವೂ ನನ್ನಂಗ ಆಡು ಹಿಂಡತಾವು."

ಗೆದ್ದಲಿಗೆ ನಮ್ಮ ಕಡೆ ಒರಲಿ ಎನ್ನುತ್ತಾರೆ. ಆ ಮಾತಿಗೆ ನಾನು ಕಿವಿಗೊಡಲಿಲ್ಲ, ಇರುವೆ ಆಡು ಹಿಂಡುವ ಮಾತಿಗಂತೂ ಜೋರಾಗಿ ನಕ್ಕೆ. ಇರುವೆಯ ಕಾಟ ಹೋಗಬೇಕಾದರೆ ಗೂಡು ಹೋಗಬೇಕು, ಗೂಡು ಹೋಗಬೇಕಾದರೆ ಗಿಡ ಹೋಗಬೇಕು ಎಂದೆ. ಮನೆ ಕಟ್ಟುವಾಗ ಅಳತೆ ಮಾಡಿಸಿದಾಗ ಆ ಜಾಲಿ ನನ್ನ ಜಾಗದೊಳಗೆ ಎರಡು ಅಡಿ ಬಂದಿತ್ತು. ಅಲ್ಲಿಯವರೆಗೆ ಅದು ಯಾರದು ಎಂಬ ಪ್ರಶ್ನೆಯೇ ಯಾರಿಗೂ ಎದ್ದಿರಲಿಲ್ಲ. ಬೇವಾಗಿದ್ದರೆ ಬುಡದಲ್ಲಿ ಒಂದು ದೇವಿ ಇರುತ್ತಿದ್ದಳು, ಬನ್ನಿಯಾಗಿದ್ದರೆ ದಸರೆಗೊಮ್ಮೆಯಾದರೂ ಊರು ಬಂದು ಕೈಮುಗಿಯುತ್ತಿತ್ತು. ಜಾಲಿಯ ಪರ ನಿಲ್ಲುವುದಕ್ಕೆ ಯಾವ ದೇವರೂ ಇಲ್ಲ, ಮುಳ್ಳೊಂದೇ ಇರುವುದು. ದ್ಯಾಮವ್ವ ಎದ್ದು ನಿಂತು ಸೆರಗಿಗೆ ಕೈ ಒರೆಸಿಕೊಂಡು, "ನಿಮ್ಮ ಜಾಗಾದಾಗ ಐತಿ, ಕಡೀರಿ. ಬ್ಯಾಸಿಗ್ಯಾಗ ನನ್ನ ಆಡಿನ ಬಾಯಿಗೆ ಏನ್ ಹಾಕ್ಲಿ ಅನ್ನೂದೂ ನೀವ ಹೇಳಿಬಿಡ್ರಿ" ಎಂದಳು. ಅದು ಪಠ್ಯಕ್ರಮದಲ್ಲಿರಲಿಲ್ಲ.

ಬಡಿಗೇರ ಮೌನೇಶಪ್ಪನಿಗೆ ಭಾನುವಾರ ಬಾ ಎಂದು ಹೇಳಿಕಳಿಸಿದೆ. ಗಿಡ ಕಡಿಯುವುದು, ಚೌಕಟ್ಟು ಬದಲಿಸುವುದು, ಎರಡೂ ಕೆಲಸ ಒಂದೇ ದಿನಕ್ಕೆ. ನಡುವೆ ನಾಲ್ಕು ದಿನವಿತ್ತು. ಈ ನಾಲ್ಕು ದಿನಗಳೇ ನನ್ನನ್ನು ಕೆಡಿಸಿದ್ದು.

ಆದದ್ದೇನೆಂದರೆ, ನಾನು ಶಾಲೆಯಲ್ಲಿ ಬಾಯಿ ಬಿಟ್ಟಿದ್ದೆ. ನಮ್ಮ ಮನೆಗೆ ಬಡಗಿ ಇರುವೆ ಹತ್ತಿದೆ, ಕುಲ ಕ್ಯಾಂಪೊನೋಟಸ್ ಎಂದು ಸಹೋದ್ಯೋಗಿಗಳ ಮುಂದೆ ಕೊಚ್ಚಿಕೊಂಡಿದ್ದೆ. ಕುಲವೇನೋ ಸರಿ, ಪ್ರಭೇದ ಯಾವುದು ಎಂದು ಹೊಸದಾಗಿ ಬಂದ ಗಣಿತದ ಮೇಡಂ ಕೇಳಿಬಿಟ್ಟರು. ಗಣಿತದವರಿಗೆ ಯಾವಾಗಲೂ ಕೊನೆಯ ಮೆಟ್ಟಿಲು ಬೇಕು. ಹಾಗಾಗಿ ಗುರುವಾರ ಸಂಜೆ ಪ್ರಯೋಗಾಲಯದ ಭೂತಗನ್ನಡಿಯನ್ನು ಮನೆಗೆ ತಂದು, ಜಾಲಿಯ ಬುಡದಲ್ಲಿ ಗೋಣಿಚೀಲ ಹಾಸಿ, ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ ಒಂದು ಇರುವೆಯನ್ನು ನೋಡಿದೆ.

ಹಿಡಿಯಹೋದದ್ದಕ್ಕೆ ಕಚ್ಚಿತು. ಕೆಂಪು ಚಿಗಳಿ ಇರುವೆಯ ಹಾಗೆ ಬೆಂಕಿ ಹಚ್ಚಿ ಓಡುವ ಜಾತಿಯಲ್ಲ. ಕಚ್ಚಿದ್ದನ್ನು ಬಿಡದೆ ನೇತಾಡುವ, ತಲೆ ಹರಿದರೂ ದವಡೆ ಸಡಿಲಿಸದ ಹಟಮಾರಿ. ಎಲ್ಲವೂ ಒಂದೇ ಅಳತೆಯವಲ್ಲ ಎಂಬುದು ಆಮೇಲೆ ಕಂಡಿತು. ಸಣ್ಣ ತಲೆಯ ಚುರುಕಿನವು ಓಡಾಡುತ್ತಿದ್ದವು. ನಡುನಡುವೆ ದೊಡ್ಡ ತಲೆಯ ದಾಂಡಿಗರು, ಮದುವೆಮನೆಯಲ್ಲಿ ಕೆಲಸ ಮಾಡದೆ ಬರೀ ಅಡ್ಡಾಡುವ ಹಿರಿಯರಂತೆ, ಗಂಭೀರವಾಗಿ ಅತ್ತಿಂದಿತ್ತ ಹೋಗುತ್ತಿದ್ದರು. ಮಸೂರದಡಿಯಲ್ಲಿ ಬೆನ್ನು ನೋಡಿದೆ, ಎಲ್ಲಿಯೂ ಹಳ್ಳ ತಗ್ಗಿಲ್ಲದೆ ಒಂದೇ ಬಾಗಿನಲ್ಲಿ ಇಳಿಯುತ್ತಿತ್ತು. ನಡುವಿನಲ್ಲಿ ಒಂದೇ ಗಂಟು. ಇರುವೆಗಳನ್ನು ಗುರುತಿಸುವ ಪುಸ್ತಕವೊಂದನ್ನು ತೆಗೆದು, ಗಂಟು ಒಂದೋ ಎರಡೋ, ಬೆನ್ನು ಬಾಗಿದೆಯೋ ಮುರಿದಿದೆಯೋ, ಮೈಗೆ ಹೊಳಪಿದೆಯೋ ಮಾಸಲೋ ಎಂದು ಒಂದೊಂದೇ ಕವಲು ದಾಟುತ್ತ ಶುಕ್ರವಾರ ಸಂಜೆ ಹೆಸರಿಗೆ ಮುಟ್ಟಿದೆ. ಕ್ಯಾಂಪೊನೋಟಸ್ ಕಂಪ್ರೆಸ್ಸಸ್. ದ್ಯಾಮವ್ವನ ಬಾಯಲ್ಲಿ ಎರಡಕ್ಷರದ ಗೊದ್ದ.

ಹೆಸರಿನ ಕೆಳಗೆ ವಾಸಸ್ಥಾನ ಎಂಬ ಒಂದು ಸಾಲಿತ್ತು. ಮಿತ್ರರೇ, ನಮಗೆಲ್ಲ ಅರ್ಜಿಗಳಲ್ಲಿ ಎರಡೆರಡು ವಿಳಾಸ ತುಂಬಿ ಅಭ್ಯಾಸ, ಕಾಯಂ ವಿಳಾಸ, ಸದ್ಯದ ವಿಳಾಸ. ಬಡಗಿ ಇರುವೆ ಎಂಬ ಮನೆತನದ ಹೆಸರು ಹೊತ್ತ ಈ ಪ್ರಾಣಿಯ ಕಾಯಂ ವಿಳಾಸ ಮರದೊಳಗೆ ಇರಲೇ ಇಲ್ಲ. ಮಣ್ಣಿನಲ್ಲಿ, ಹೆಚ್ಚಾಗಿ ಗಿಡದ ಬೇರಿನ ಬುಡದಲ್ಲಿ ಎಂದಿತ್ತು. ಹಿಮದ ಊರಿನಲ್ಲಿ ಇದರ ದೂರದ ದಾಯಾದಿ ಮನೆ ಕೊರೆದದ್ದಕ್ಕೆ ಇಲ್ಲಿಯ ಇದನ್ನು ನಾನು ಆರೋಪಿ ಮಾಡಿದ್ದೆ. ಆಹಾರ ಎಂಬಲ್ಲಿ ಜಾಲಿಯಂಥ ಗಿಡಗಳ ಎಳೆ ಕೊಂಬೆಯ ರಸ ಹೀರುವ ಪುಟ್ಟ ಕೀಟಗಳ ಮೈಯಿಂದ ಒಸರುವ ಸಿಹಿನೀರು ಎಂದು ಬರೆದಿತ್ತು. ಎದ್ದು ಹೋಗಿ ತಲೆ ಎತ್ತಿ ನೋಡಿದೆ. ಕೊಂಬೆಯ ಮೇಲೆ ಮುಳ್ಳೆಂದೇ ನಾನು ತಿಳಿದಿದ್ದ ಕೆಲವು ಕಂದು ಚೂಪುಗಳಿಗೆ ಕಾಲಿದ್ದವು. ಗೊದ್ದಗಳು ಕುಡಿಮೀಸೆಯಿಂದ ಅವುಗಳ ಬೆನ್ನು ತಟ್ಟುತ್ತಿದ್ದವು, ಅವು ಹಿಂದಿನಿಂದ ಒಂದು ಹನಿ ಬಿಡುತ್ತಿದ್ದವು, ಇವು ಹೀರುತ್ತಿದ್ದವು. ಕೆಳಗೆ ದ್ಯಾಮವ್ವ ಕೆಂಚಿಯ ಬೆನ್ನು ತಟ್ಟಿ ಚರಿಗೆ ಹಿಡಿದು ಕೂತಿದ್ದಳು. ಮೇಲೂ ಕೆಳಗೂ ಒಂದೇ ಕಸುಬು ನಡೆದಿತ್ತು.

ಅಂದರೆ ಶುಕ್ರವಾರ ಸಂಜೆಗೇ ನನಗೆ ಎಲ್ಲ ಗೊತ್ತಿತ್ತು. ಗೊದ್ದ ಕಟ್ಟಿಗೆ ತಿನ್ನುವುದಿಲ್ಲ, ಮನೆ ಮಣ್ಣಿನಲ್ಲಿದೆ, ಆಡು ಹಿಂಡುವ ಮಾತು ಅಕ್ಷರಶಃ ನಿಜ. ಮೂರಕ್ಕೆ ಮೂರೂ ದ್ಯಾಮವ್ವ ಸರಿಯುತ್ತರ ಬರೆದಿದ್ದಳು, ನಾನು ಸೊನ್ನೆ ಹಾಕಿದ್ದೆ. ಹತ್ತು ಹೆಜ್ಜೆ ನಡೆದು ಹೋಗಿ, ದ್ಯಾಮವ್ವಾ, ಗಿಡ ಕಡಿಯುವುದಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಆ ಹತ್ತು ಹೆಜ್ಜೆ ನಡೆಯಲಿಲ್ಲ. ಮೌನೇಶಪ್ಪನಿಗೆ ಹೇಳಿಯಾಗಿದೆ, ಓಣಿಗೆಲ್ಲ ಗೊತ್ತಾಗಿದೆ, ಹುಳದ ಮಾಸ್ತರ ಆಡು ಕಾಯುವವಳ ಮುಂದೆ ತಪ್ಪು ಒಪ್ಪಿಕೊಂಡನಂತೆ ಎಂದು ಚಹಾದಂಗಡಿಯಲ್ಲಿ ನಗುತ್ತಾರೆ ಎಂದೆಲ್ಲ ಯೋಚಿಸುತ್ತ ಶನಿವಾರವನ್ನು ಕಳೆದೆ. ಅವತ್ತೂ ಅವಳು ಎಂದಿನಂತೆ ಬಂದು ಹಿಟ್ಟು ಹಾಕಿ ಹೋದಳು. ನಾನು ಒಳಗಿನಿಂದ ಕಿಟಕಿಯಲ್ಲಿ ನೋಡಿದೆ. ನನ್ನ ಬಗ್ಗೆ ನನಗೆ ಅಷ್ಟು ಹೇಸಿಗೆ ಬಂದದ್ದು ಬೇರೆ ಯಾವತ್ತೂ ಇಲ್ಲ. ಆದರೂ ಮೌನೇಶಪ್ಪನಿಗೆ ಬರಬೇಡ ಎಂದು ಹೇಳಿಕಳಿಸಲಿಲ್ಲ.

ಭಾನುವಾರ ಮೌನೇಶಪ್ಪ ಬಿಸಿಲೇರುವ ಮೊದಲೇ ಬಂದ. ತಂಪು ಹೊತ್ತಿನಲ್ಲಿ ಗಿಡ, ಆಮೇಲೆ ನೆರಳಿನಲ್ಲಿ ಚೌಕಟ್ಟು ಎಂಬುದು ಅವನ ಲೆಕ್ಕಾಚಾರ. ಮೇಲೆ ಹತ್ತಿ, ದ್ಯಾಮವ್ವನ ಅಂಗಳದ ಕಡೆಗೆ ಚಾಚಿದ್ದ ಮೂಡಣದ ದೊಡ್ಡ ಕೊಂಬೆಗೆ ಮೊದಲು ಕೈ ಹಾಕಿದ. ಹತ್ತು ನಿಮಿಷ ಕೊಡಲಿಯ ಸದ್ದು ಕೇಳಿತು, ಆಮೇಲೆ ಅದು ಎಳೆಗಾಯಿ ಸಮೇತ ಧೊಪ್ಪನೆ ಬಿತ್ತು. ದ್ಯಾಮವ್ವ ಆಡುಗಳನ್ನು ಬಿಚ್ಚಿ ಬೇರೆ ಕಡೆ ಕಟ್ಟಿದಳು. ಶಾಂತಾ ನನ್ನ ಮುಖ ನೋಡಿ, "ನಾಷ್ಟಾ ಆಗೇತಿ. ಅಂವನ್ನ ಕೆಳಗ ಕರೀರಿ" ಎಂದಳು. ಉಪ್ಪಿಟ್ಟು ಇನ್ನೂ ಒಲೆಯ ಮೇಲೇ ಇತ್ತೆಂದು ಆಮೇಲೆ ಗೊತ್ತಾಯಿತು.

ಉಪ್ಪಿಟ್ಟಿಗೆ ಕಾಯುತ್ತ ಕೂತ ಮೌನೇಶಪ್ಪ ಸುಮ್ಮನೆ ಕೂರುವ ಆಸಾಮಿಯಲ್ಲ. ಚೌಕಟ್ಟಿನ ಕಾಲಿಗೆ ಉಳಿಯ ಹಿಡಿಯಿಂದ ಕುಟ್ಟಿ ನೋಡಿದ, ಕಿವಿಗೊಟ್ಟ, ಸೀಳಿಗೆ ಉಳಿ ತೂರಿಸಿ ಒಮ್ಮೆ ಮೀಟಿದ. ಮೊಣಕಾಲೆತ್ತರದ ತುಂಡು ಕಿತ್ತು ಬಂತು. ಒಳಗೆ ಕಟ್ಟಿಗೆಯೇ ಇರಲಿಲ್ಲ. ಮಣ್ಣಿನ ಗೋಡೆ, ಮಣ್ಣಿನ ಕೋಣೆ, ಅವುಗಳ ತುಂಬ ಬಿಳಿ ಗೆದ್ದಲು ಗಿಜಿಗುಟ್ಟುತ್ತಿತ್ತು. ಬೆಳಕು ಬಿದ್ದದ್ದೇ ತಡ, ನಮ್ಮ ಕಾಲಡಿಯ ಗೊದ್ದಗಳ ಸಾಲು ಒಡೆದು ಒಳನುಗ್ಗಿ, ಒಂದೊಂದು ಗೆದ್ದಲನ್ನು ಬಾಯಲ್ಲಿ ಕಚ್ಚಿ ಜಾಲಿಯ ಕಡೆಗೆ ಓಡತೊಡಗಿತು. ಅಂದು ನಾನು ಕಂಡ ಬಿಳಿ ಚೂರುಗಳಿಗೂ ಕಾಲುಗಳಿದ್ದವು ಎಂಬುದು ಈಗ ತಿಳಿಯಿತು.

"ಸರ," ಎಂದ ಮೌನೇಶಪ್ಪ, ನಗು ತಡೆಯಲಾರದೆ, "ಕಳ್ಳನ್ನ ಒಳಗ ಮಲಗಿಸಿ ವಾಚಮನ್ನನ್ನ ಕಡ್ಯಾಕ ನನ್ನ ಕರಿಸೀರಲ್ರಿ!" ಆಮೇಲೆ ಇನ್ನಷ್ಟು ಕೆದಕಿ, ಚೌಕಟ್ಟಿನ ಅಡಿಯಿಂದ ಕೊಳೆತ ಒಂದು ಕಟ್ಟಿಗೆಯ ತುಂಡು ಎಳೆದು ನನ್ನ ಕೈಗಿಟ್ಟ. "ಇದರ ಗುರುತು ಸಿಗತೈತೇನ್ರಿ?"

ಸಿಕ್ಕಿತು. ಇದಕ್ಕೆ ಭೂತಗನ್ನಡಿ ಬೇಕಾಗಲಿಲ್ಲ. ನಾಲ್ಕು ವರ್ಷಗಳ ಹಿಂದೆ ಚೌಕಟ್ಟು ನಿಲ್ಲಿಸುವ ದಿನ, ಕಾಲಿನಡಿ ಇಡುವ ಕಲ್ಲು ಇನ್ನೂ ಬಂದಿರಲಿಲ್ಲ. ಕಲ್ಲಿಲ್ಲದೆ ಮಣ್ಣಿಗೆ ಊರಬೇಡಿ, ಎರಡು ದಿನ ತಡೆಯಿರಿ ಎಂದು ಇದೇ ಮೌನೇಶಪ್ಪ ಹೇಳಿದ್ದ. ಮುಹೂರ್ತ ಹತ್ತೂವರೆಗೆ ಮೀರುತ್ತಿತ್ತು. ಕಲ್ಲಿನ ಬದಲು ಈ ತುಂಡನ್ನು ಕೊಟ್ಟು ನಿಲ್ಲಿಸು, ಆಮೇಲೆ ನೋಡೋಣ ಎಂದವನು ನಾನು. ಮಕ್ಕಳಿಗೆ ಗ್ರಹಣದ ದಿನ ಊಟ ಮಾಡಬಹುದು ಎಂದು ಪಾಠ ಹೇಳುವವನು, ಒಳ್ಳೆಯ ಗಳಿಗೆ ತಪ್ಪಬಾರದೆಂದು ಗೆದ್ದಲಿಗೆ ನವಧಾನ್ಯ, ಅರಿಸಿನ, ಕುಂಕುಮ ಸಮೇತ ಗೃಹಪ್ರವೇಶ ಮಾಡಿಸಿದ್ದೆ. ಆ 'ಆಮೇಲೆ' ನಾಲ್ಕು ವರ್ಷ ಬರಲೇ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲವನ್ನು ಬಿಟ್ಟು ಗಿಡದ ಮೇಲೆ ಹಾಕಿದೆ, ಅಷ್ಟೇ ವ್ಯತ್ಯಾಸ.

ಈ ಸಲ ಹತ್ತು ಹೆಜ್ಜೆ ನಡೆದೆ. ನೀನು ಹೇಳಿದ್ದೇ ಖರೆ ದ್ಯಾಮವ್ವಾ, ಮೊನ್ನೆ ಶುಕ್ರವಾರವೇ ನನಗೆ ಗೊತ್ತಾಗಿತ್ತು, ಹೇಳಲು ನಾಚಿಕೆಯಾಯಿತು ಎಂದೆ. ಅವಳು ಬಿದ್ದ ಕೊಂಬೆಯನ್ನು ಆಡುಗಳ ಕಡೆಗೆ ಎಳೆಯುತ್ತಿದ್ದಳು. ನಿಲ್ಲಿಸದೆ, "ಆ ಬಾಜೂ ಹಿಡೀರಿ, ವಜ್ಜಿ ಐತಿ" ಎಂದಳು. ಹಿಡಿದೆ. ಮುಳ್ಳು ಚುಚ್ಚಿತು. ಕೆಂಚಿ ಎಲೆ ತಿನ್ನುತ್ತ ನನ್ನನ್ನು ನೋಡಿತು, ಉತ್ತರಪತ್ರಿಕೆ ತಿಂದ ದಿನ ನೋಡಿದ ಹಾಗೆಯೇ.

ಈಗ ಚೌಕಟ್ಟಿನ ಕೆಳಗೆ ಕಲ್ಲಿದೆ. ಮೂಡಣದ ಕೊಂಬೆ ಹೋದ ಜಾಗದಿಂದ ಮುಂಜಾನೆಯ ಬಿಸಿಲು ನೇರ ನನ್ನ ಹೊಸ್ತಿಲಿಗೆ ಬೀಳುತ್ತದೆ, ಚಹಾ ಕುಡಿಯುವಾಗ ಕಣ್ಣು ಕಿರಿದು ಮಾಡಿ ನಿಲ್ಲಬೇಕು. ನೆರಳು ದ್ಯಾಮವ್ವನೊಬ್ಬಳದೇ ಎಂದುಕೊಂಡಿದ್ದೆ, ನಾನೂ ಅದರಲ್ಲೇ ಇದ್ದೆ. ಬೇಸಿಗೆಯಲ್ಲಿ ಅವಳು ಕೊಕ್ಕೆಗೋಲು ಹಿಡಿದು ಉಳಿದ ಕೊಂಬೆಗಳ ಕಾಯಿ ಉದುರಿಸಿದಳು, ಯುಗಾದಿಯ ಹೊತ್ತಿಗೆ ಮುಗಿದುಹೋಯಿತು. ಅದಾಗಿ ಒಂದು ಮುಂಜಾನೆ ನೋಡುತ್ತೇನೆ, ಗಿಡದ ಬುಡದಲ್ಲಿ ಮೂರೇ ಆಡು. ಕೆಂಚಿ ಎಲ್ಲಿ ಎಂದು ಕೇಳಿದೆ.

"ಮಾರಿದ್ನಿರಿ ಸರ. ಮ್ಯಾವು ಸಾಲಲಿಲ್ಲ."

ಆ ಮಾತಿನಲ್ಲಿ ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ಇರಲಿಲ್ಲ. ಊರಿಗೆ ಬಸ್ಸು ಬಂತು ಎಂದು ಹೇಳುವ ದನಿಯಲ್ಲಿ ಹೇಳಿದ್ದಳು. ಕೊಂಬೆ ಮತ್ತೆ ಅಷ್ಟು ಬರಲು ಎಷ್ಟು ದಿನ ಬೇಕು ಎಂದು ಮೌನೇಶಪ್ಪನನ್ನು ಕೇಳಿದೆ. ಜಾಲಿ ಸಾವಕಾಶ ಬೆಳೆಯುತ್ತದೆ, ಏಳೆಂಟು ವರ್ಷವಾದರೂ ಬೇಕು ಎಂದ.

ಆ ವಾರದಿಂದ ಶನಿವಾರ ನಾನೂ ಹಿಟ್ಟು ಹಾಕುತ್ತೇನೆ. ಶನಿಯನ್ನು ನಂಬಿ ಅಲ್ಲ, ಬೇರೆ ಏನು ಮಾಡಬೇಕೋ ತಿಳಿಯದೆ. ಮೊದಲ ದಿನ ಶಾಂತಾ ಸಕ್ಕರೆಯ ಡಬ್ಬಿ ಕೊಟ್ಟಳು. ಹೊಸ್ತಿಲ ಮೇಲೆ ಆಗಲೂ ನಾಲ್ಕಾರು ಗೊದ್ದಗಳಿದ್ದವು, ಹೊಸ ಚೌಕಟ್ಟನ್ನು ಮೂಸಿ, ಒಳಗೆ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ತಿರುಗುತ್ತಿದ್ದವು. ಒಳಗೊಂದು ಹೊರಗೊಂದು ಇಟ್ಟ ಕಾಲುಗಳಲ್ಲಿ ಯಾವುದನ್ನೂ ಎತ್ತದೆ, ಅವು ದಾಟುವವರೆಗೆ ಕಾದೆ. ಆಮೇಲೆ ಗಿಡದ ಬುಡಕ್ಕೆ ಹೋಗಿ ಕೂತು ಹಿಟ್ಟು ಉದುರಿಸುತ್ತಿದ್ದಾಗ ಹಿಂದಿನಿಂದ ದ್ಯಾಮವ್ವನ ದನಿ ಬಂತು.

"ಹಾಕ್ರಿ ಸರ, ಹಾಕ್ರಿ. ಶನಿ ಒಮ್ಮಿ ಹಿಡೀತಂದ್ರ ಏಳೂವರಿ ವರ್ಷ. ಒಂದ ವಾರಾನೂ ತಪ್ಪಸಬ್ಯಾಡ್ರಿ."

ತಪ್ಪಿಸುವುದಿಲ್ಲ ಎಂದೆ.